ಬಯಕೆಯ ಬುತ್ತಿಯಲ್ಲಿ ಹಸಿ ಟಮಾಟೆ

ಬಸುರಿಯಾದ ಮಗಳಿಗೆ ಬಯಕೆಯ ಊಟ ತವರಿನಿಂದ ಹೋಗಬೇಕು. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ನೆನಪು ಮಾಡಿಕೊಡುವುದಿಲ್ಲ. ತಾಯಿಯಾದವಳಿಗೆ ಅದು ಗೊತ್ತೇ ಇರುತ್ತದೆ. ಮಗಳ ನಾಲಿಗೆ ಏನು ಬೇಡುತ್ತಿದೆ ಎಂದು ಹೇಗೋ ತಿಳಿದುಕೊಂಡು, ತನ್ನ ಒಲೆಯ ಮೇಲೆ ಮಾಡಿ, ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುತ್ತಾಳೆ. ನನ್ನ ಮಗಳ ತಾಯಿ ಹೋದ ಶ್ರಾವಣದಲ್ಲಿ ತೀರಿಕೊಂಡಿದ್ದಳು. ಹೀಗಾಗಿ ಭಾಲ್ಕಿಯಿಂದ ಬೀಗತಿಯ ಫೋನು ನನಗೆ ಬಂತು.

ಆಗ ನಾನು ನೌಬಾದಿನ ನನ್ನ ವೆಲ್ಡಿಂಗ್ ಅಂಗಡಿಯಲ್ಲಿ ಯಾರದೋ ಮನೆಯ ಗೇಟಿಗೆ ಪಟ್ಟಿ ಕೂಡಿಸುತ್ತಿದ್ದೆ. ಬೀಗತಿ, ಅಂದರೆ ಮಗಳ ಅತ್ತೆ, ಮಾತನ್ನು ಸುತ್ತಿ ಬಳಸಿ ಆಡುವವರಲ್ಲ. ಮಗಳು ಏನೂ ತಿನ್ನುತ್ತಿಲ್ಲ, ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಕೂಸಿನ ತೂಕ ಸಾಲದು ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದಾರೆ ಎಂದರು.

“ತವರಮನಿದು ಒಂದು ತುತ್ತು ಬಾಯಿಗಿ ಬಿದ್ದಿಲ್ರಿ ಬೀಗ್ರ. ಅದಕ್ಕ ಹಿಂಗ ಆಗ್ಯಾದೋ ಏನೋ. ಸಿಟ್ಟಾಗಬ್ಯಾಡ್ರಿ ಮತ್ತ.”

ನನಗೆ ಸಿಟ್ಟು ಬರಲಿಲ್ಲ. ಆ ತಿಂಗಳುಗಳಲ್ಲಿ ಸಿಟ್ಟೂ ಬರುತ್ತಿರಲಿಲ್ಲ. ಆಯ್ತು ಅಕ್ಕೋರ, ನೋಡ್ತೇನಿ ಎಂದು ಹೇಳಿ ಫೋನು ಇಟ್ಟು, ಉಳಿದ ಪಟ್ಟಿ ಕೂಡಿಸಿ ಮುಗಿಸಿದೆ.

ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಆರನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಬೀದರಿಗೆ ಬಂದು ಒಬ್ಬರ ಕೈಕೆಳಗೆ ಕಬ್ಬಿಣ ಕೊರೆಯುವುದು ಕಲಿತೆ, ಆಮೇಲೆ ಸ್ವಂತ ಅಂಗಡಿ ಹಾಕಿದೆ. ಯಾರ ಮುಂದೆಯೂ ಕೈ ಚಾಚಲಿಲ್ಲ, ಯಾರ ಕೆಲಸವನ್ನೂ ಅರ್ಧಕ್ಕೆ ಬಿಡಲಿಲ್ಲ. ಹೆಂಡತಿ ಎದೆನೋವು ಅಂದ ಸಂಜೆಗೇ ಹೋದಾಗಲೂ ನಾನು ಮಾಡಬೇಕಾದ್ದನ್ನೆಲ್ಲ ನಿಂತು ಮಾಡಿಸಿದೆ. ಔರಾದ ತಾಲ್ಲೂಕಿನ ಎಕಂಬಾದಲ್ಲಿ ನಮ್ಮ ಹೊಲವಿದೆ, ತಮ್ಮ ಅದನ್ನು ಮಾಡಿಕೊಂಡಿದ್ದಾನೆ. ಅಲ್ಲೇ ಬಾವಿಯ ಪಕ್ಕ ಮಣ್ಣು ಕೊಟ್ಟೆವು. ನಮ್ಮ ಲಿಂಗವಂತರಲ್ಲಿ ಸುಡುವುದಿಲ್ಲ, ಕುಣಿಯಲ್ಲಿ ಕುಳ್ಳಿರಿಸಿ ಮಣ್ಣು ಕೊಡುವುದು. ಕುಣಿ ತೋಡುವವರು ಒಂದು ಮೂಲೆ ಸೊಟ್ಟ ತೋಡಿದ್ದರು. ನಾನು ಇಳಿದು ಅದನ್ನು ನೆಟ್ಟಗೆ ಮಾಡಿಸಿದೆ. ಮೇಲೆ ಬಂದಾಗ ಮಗಳು ನನ್ನ ಮುಖ ನೋಡಿ ಕೇಳಿದಳು.

“ನಿನಗ ಏನೂ ಆಗೇ ಇಲ್ಲೇನು ಅಪ್ಪಾ?”

ನಾನು ಏನು ಹೇಳಿದೆನೋ ನೆನಪಿಲ್ಲ. ಮುಂದೆ ಅವಳು ನನ್ನೊಂದಿಗೆ ಮಾತು ಬಿಟ್ಟಳು ಅಂತಲ್ಲ. ಊಟ ಆಯ್ತೇನು, ಆಯ್ತು, ಬಿಸಿಲು ಅದ, ಅದ, ಇಷ್ಟೇ ಉಳಿಯಿತು. ಬಸುರಿ ಎಂಬ ಸುದ್ದಿ ಕೂಡ ನನಗೆ ಅಳಿಯನಿಂದ ತಿಳಿಯಿತು.

ಬಯಕೆಯ ವಿಷಯ ಔರಾದಿನಲ್ಲಿರುವ ಹೆಂಡತಿಯ ತಂಗಿಗೆ ಮುಟ್ಟಿತು. ಅವಳು ಫೋನು ಮಾಡಿ, ತಾನು ಕರಿಗಡಬು, ಕಡಬು, ಚಿತ್ರಾನ್ನ ಎಲ್ಲ ಮಾಡಿಕೊಂಡು ಭಾಲ್ಕಿಗೆ ಹೋಗಿಬರುತ್ತೇನೆ, ಮಾವ ನೀವು ಖಾಲಿಪಿಲಿ ಪರೇಶಾನ್ ಆಗಬ್ಯಾಡ್ರಿ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ನಾನು ಬೇಡ ಎಂದೆ. ನನ್ನ ಮಗಳ ಬಯಕೆ ಇನ್ನೊಬ್ಬರ ಒಲೆಯಿಂದ ಹೋಗುವುದು ನನಗೆ ಸರಿಬರಲಿಲ್ಲ. ನಿಮಗ ಅನ್ನಕ್ಕ ಇಡ್ಲಿಕ್ಕಾದ್ರೂ ಬರ್ತದೇನು ಎಂದು ಅವಳು ನಕ್ಕಳು. ಅನ್ನಕ್ಕೆ ಇಡಲು ಬರುತ್ತಿತ್ತು. ಅದಕ್ಕಿಂತ ಮುಂದೆ ಬರುತ್ತಿರಲಿಲ್ಲ, ಅದು ಖರೆ.

ಮಗಳಿಗೆ ಫೋನು ಮಾಡಿ ಏನು ತಿನ್ನಬೇಕೆನಿಸುತ್ತದೆ ಎಂದು ಕೇಳಿದೆ. ಏನೂ ಬ್ಯಾಡ ಎಂದಳು. ಮತ್ತೆ ಕೇಳಿದೆ. ಏನೂ ಬ್ಯಾಡ ಅಪ್ಪಾ, ಒಲಿ ವಾಸನಿ ಬಂದ್ರ ಹೊಟ್ಟಿ ತೊಳಸ್ತದ ಎಂದಳು. ಮರುದಿನ ಮಧ್ಯಾಹ್ನ ಅವಳಿಂದ ಮೊಬೈಲಿಗೆ ಒಂದು ವಿಡಿಯೋ ಬಂತು. ಜೊತೆಗೆ ಒಂದು ಅಕ್ಷರವೂ ಇಲ್ಲ.

ವಿಡಿಯೋದಲ್ಲಿ ಇಟಲಿಯ ಮುದುಕಿಯೊಬ್ಬಳು ಅಂಗಳದ ಮೇಜಿನ ಮೇಲೆ ಟಮಾಟೆ ಕೊಯ್ಯುತ್ತಾಳೆ. ಕೆಂಪು, ದೊಡ್ಡ ಹಣ್ಣುಗಳು. ಗುಂಡಗೆ ಬಿಲ್ಲೆ ಮಾಡಿ ತಟ್ಟೆಯಲ್ಲಿ ಹರಡುತ್ತಾಳೆ, ಉಪ್ಪು ಉದುರಿಸುತ್ತಾಳೆ, ಯಾವುದೋ ಹಸಿರೆಲೆಯನ್ನು ಕೈಯಿಂದ ಹರಿದು ಹಾಕುತ್ತಾಳೆ, ಮೇಲೆ ಎಣ್ಣೆ ಸುರಿಯುತ್ತಾಳೆ. ಮುಗಿಯಿತು. ಒಲೆಯೂ ಇಲ್ಲ, ಒಗ್ಗರಣೆಯೂ ಇಲ್ಲ. ಬೇಸಿಗೆಯಲ್ಲಿ ಆ ದೇಶದವರು ಹೀಗೆ ತಿನ್ನುತ್ತಾರಂತೆ, ಮಾಡಿದ ಕೂಡಲೇ ತಿನ್ನಬೇಕಂತೆ. ಕೆಳಗೆ ಕನ್ನಡದಲ್ಲಿ ಬರೆದಿತ್ತು. ಎಲೆಗೆ ಬೇಸಿಲ್ ಎಂದು ಬರೆದಿತ್ತು.

ಹೆಂಡತಿ ಹೋದ ಮೇಲೆ ಮಗಳು ನನ್ನಿಂದ ಬೇಡಿದ್ದು ಇದೊಂದೇ. ಅದೂ ಬೇಡಿದಳೋ, ಸುಮ್ಮನೆ ಕಳಿಸಿದಳೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಮಾಡುವುದು ಎಂದು ನಿರ್ಧರಿಸಿದೆ.

ಪಕ್ಕದ ಮನೆಯ ಮುಸಲ್ಮಾನರ ಹಿರಿಯ ಹೆಣ್ಣುಮಗಳು ನನ್ನ ಹೆಂಡತಿಗೆ ಬಹಳ ಹತ್ತಿರದವರಾಗಿದ್ದರು. ಅವರಿಗೆ ವಿಡಿಯೋ ತೋರಿಸಿ ಈ ಎಲೆ ಯಾವುದು ಎಂದು ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, “ಯೇ ತೋ ಸಬ್ಜಾ ಹೈ ಭಾಯಿ” ಎಂದರು. ಶರಬತ್ತಿಗೆ ಬೀಜ ಹಾಕುವುದಿಲ್ಲವೇ, ಅದರ ಎಲೆ. ಅವರ ಪೈಕಿ ಸಬ್ಜಾವನ್ನು ಗೋರಿಯ ಮೇಲೆ ಬೆಳೆಸುತ್ತಾರೆ, ದರ್ಗಾಕ್ಕೆ ಹೂವಿನ ಜೊತೆ ಏರಿಸುತ್ತಾರೆ. ತಿನ್ನುವುದನ್ನು ತಾವು ನೋಡಿಲ್ಲ, ತಿಂದರೆ ತೊಂದರೆಯೇನೂ ಇಲ್ಲ, ಔಷಧವೇ ಎಂದರು. ಆಮೇಲೆ ದನಿ ತಗ್ಗಿಸಿ, ನಿಮ್ಮ ಹೆಂಡತಿಯ ಮಣ್ಣಿನ ಮೇಲೆ ನಾನೇ ಒಂದು ಹಿಡಿ ಬೀಜ ಚೆಲ್ಲಿ ಬಂದಿದ್ದೆ, ಹುಟ್ಟಿದೆಯೋ ಇಲ್ಲವೋ ಎಂದರು.

ಹುಟ್ಟಿತ್ತು. ನಾನು ಸಂಕ್ರಮಣಕ್ಕೆ ಹೋದಾಗ ಕಂಡಿದ್ದೆ. ಏನೋ ಹಸಿರು ಎಂದು ಮಾತ್ರ ಕಂಡಿದ್ದೆ.

ಎಣ್ಣೆಯ ಪಂಚಾಯಿತಿ ಬೇರೆ. ಇಟಲಿಯವರು ಹಾಕುವುದು ಜೈತೂನ ಎಣ್ಣೆ, ಅಂದರೆ ಆಲಿವ್ ಎಣ್ಣೆ. ಬೀದರಿನ ಹಳೇ ಪೇಟೆಯಲ್ಲಿ ಅತ್ತರು ಮಾರುವವನ ಹತ್ತಿರ ಕೇಳಿದರೆ ಬೆರಳುದ್ದದ ಬಾಟಲಿ ಕೊಟ್ಟು, ಮೊಣಕಾಲಿಗೋ ಬೆನ್ನಿಗೋ ಎಂದು ಕೇಳಿದ. ತಿನ್ನಲಿಕ್ಕೆ ಎಂದೆ. ಅವನು ಬಾಟಲಿಯನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡು ಮತ್ತೆ ಸಾಲಿನಲ್ಲಿಟ್ಟ. ದೊಡ್ಡ ಅಂಗಡಿಗಳಲ್ಲಿ ತಿನ್ನುವಂಥದ್ದು ಸಿಗುತ್ತದೆ ಎಂದು ಯಾರೋ ಹೇಳಿದರು. ನಾನು ಹೋಗಲಿಲ್ಲ. ಮನೆಯಲ್ಲಿ ಕುಸುಬಿ ಎಣ್ಣೆಯ ಡಬ್ಬಿ ಇತ್ತು, ಗಾಣದ್ದು. ಗಂಜ್ ಪೇಟೆಯಿಂದ ಹೆಂಡತಿಯೇ ತರಿಸಿ ತುಂಬಿಟ್ಟದ್ದು ಇನ್ನೂ ತಳದಲ್ಲಿ ಉಳಿದಿತ್ತು. ಅದನ್ನೇ ಸಣ್ಣ ಬಾಟಲಿಗೆ ಬಸಿದುಕೊಂಡೆ.

ಶನಿವಾರ ಒಂದು ಸಲ ಮಾಡಿ ನೋಡಿದೆ. ಪೇಟೆಯ ಟಮಾಟೆ. ನನ್ನ ಬೆರಳುಗಳು ಕಿಡಿ ತಿಂದು ತಿಂದು ದಪ್ಪಗಾಗಿವೆ, ಬಿಸಿ ತಣ್ಣಗೆ ಬೇಗ ತಿಳಿಯುವುದಿಲ್ಲ. ಹಣ್ಣು ಒತ್ತಿ ಹಿಡಿದೆನೋ ಸಡಿಲ ಹಿಡಿದೆನೋ ಗೊತ್ತಾಗದೆ ಎರಡು ಕಿವುಚಿಹೋದವು. ಆಮೇಲೆ ಅಳತೆ ಸಿಕ್ಕಿತು. ಪಟ್ಟಿ ಕೊರೆಯುವಾಗ ಹೇಗೋ ಹಾಗೆ, ಒತ್ತಡ ಹಾಕದೆ ಚೂರಿಯನ್ನು ಅದರ ಪಾಡಿಗೆ ಓಡಲು ಬಿಟ್ಟರೆ ಬಿಲ್ಲೆ ಸಮ ಬರುತ್ತದೆ. ಉಪ್ಪು, ಎಣ್ಣೆ ಹಾಕಿ ಡಬ್ಬಿಗೆ ತುಂಬಿಟ್ಟೆ. ಒಂದು ತಾಸು ಬಿಟ್ಟು ಮುಚ್ಚಳ ತೆಗೆದರೆ ಪೂರಾ ನೀರು. ಭಾಲ್ಕಿಗೆ ಮುಟ್ಟುವುದರೊಳಗೆ ಅದು ಸಾರಾಗುತ್ತಿತ್ತು. ಬಯಕೆ ತವರಿನಲ್ಲಿ ಮಾಡಿಕೊಂಡೇ ಹೋಗಬೇಕು, ಇದು ಅಲ್ಲೇ ಮಾಡದಿದ್ದರೆ ಕೆಡುತ್ತದೆ. ಹಾಗಾದರೆ ಸಾಮಾನೆಲ್ಲ ನಮ್ಮದೇ ಒಯ್ಯುವುದು, ಕೈ ನನ್ನದು, ಅಲ್ಲಿಗೆ ತವರಿನದೇ ಆಯಿತು ಎಂದು ಲೆಕ್ಕ ಹಾಕಿದೆ. ಚೂರಿ, ಸ್ಟೀಲಿನ ತಟ್ಟೆ, ಉಪ್ಪು, ಎಣ್ಣೆ, ತೊಳೆಯಲಿಕ್ಕೆ ಒಂದು ಬಾಟಲಿ ನಮ್ಮ ಮನೆಯ ನೀರು ಚೀಲಕ್ಕೆ ಹಾಕಿದೆ. ಬೀಗರ ಮನೆಯ ಉಪ್ಪಿನ ಹರಳೂ ಬೇಡ ಎಂಬ ಹಟ ಇತ್ತು ನನಗೆ.

ಆದಿತ್ಯವಾರ ಮುಂಜಾನೆ ಬೈಕು ಹೊಡೆದುಕೊಂಡು ಎಕಂಬಾಕ್ಕೆ ಹೋದೆ. ತಮ್ಮ ಬಾವಿಯ ಪಕ್ಕ ಮನೆಯ ಮಟ್ಟಿಗೆ ಟಮಾಟೆ ಹಾಕಿದ್ದ. ಜವಾರಿ, ಮೈ ಸುಕ್ಕು, ಹುಳಿ. ಗಟ್ಟಿ ಇದ್ದವನ್ನು ಆರಿಸಿ ಕಿತ್ತೆ. ಆಮೇಲೆ ಹೆಂಡತಿ ಇದ್ದಲ್ಲಿಗೆ ಹೋದೆ. ಟಮಾಟೆಯ ಕಾಲುವೆಯ ನೀರು ಜಿನುಗಿ ಅಲ್ಲಿಗೂ ಬರುತ್ತಿತ್ತು. ಸಬ್ಜಾ ಮೊಣಕಾಲೆತ್ತರ ಬೆಳೆದು ಹೂ ಬಿಟ್ಟಿತ್ತು. ಹೂವಿಲ್ಲದ ಕುಡಿಗಳನ್ನು ಚಿವುಟಿ, ಒದ್ದೆ ಅರಿವೆಯಲ್ಲಿ ಸುತ್ತಿ ಚೀಲದಲ್ಲಿಟ್ಟೆ. ಅವಳ ಪಾಲೂ ಮಗಳಿಗೆ ಮುಟ್ಟಲಿ ಎಂದು ಆಗ ಅಂದುಕೊಂಡೆ ಎಂದು ಈಗ ಬರೆದರೆ ಓದುವವರಿಗೆ ಛಲೋ ಅನಿಸೀತು. ಹಾಗೇನೂ ಅಂದುಕೊಳ್ಳಲಿಲ್ಲ. ಎಲೆ ಬೇಕಿತ್ತು, ಎಲೆ ಅಲ್ಲಿತ್ತು. ಕಿತ್ತೆ.

ಭಾಲ್ಕಿಗೆ ಮುಟ್ಟಿದಾಗ ಬಿಸಿಲು ಏರಿತ್ತು. ಅಳಿಯ ಡ್ಯೂಟಿಗೆ ಹೋಗಿದ್ದ. ಬೀಗರು ಪಡಸಾಲೆಯ ಮಂಚದ ಮೇಲೆ ಪೇಪರು ಓದುತ್ತಿದ್ದರು. ಬೀಗತಿ ನೀರು ಕೊಟ್ಟು, ಬುತ್ತಿ ಎಲ್ಲಿ ಎಂಬಂತೆ ನನ್ನ ಕೈ ನೋಡಿದರು. ಇಲ್ಲೇ ಮಾಡುವುದಿದೆ ಎಂದೆ. ಹಾಗಾದರೆ ಅಡಿಗೆಮನೆಗೆ ಬರ್ರಿ ಎಂದರು. ಬೇಡ, ಇಲ್ಲೇ ಕಟ್ಟೆಯ ಮೇಲೆ ಆಗುತ್ತದೆ ಎಂದು ನೆರಳಿಗೆ ಕುಳಿತು ಚೀಲ ಬಿಚ್ಚಿದೆ. ಗಂಡಸು, ಅದೂ ಬೀಗ, ತಮ್ಮ ಅಂಗಳದಲ್ಲಿ ಕೂತು ಟಮಾಟೆ ಹೆಚ್ಚುವುದನ್ನು ಅವರು ಸೊಂಟದ ಮೇಲೆ ಕೈಯಿಟ್ಟು ನೋಡಿದರು.

“ನಾ ಹೋಳಿಗಿ ಬರ್ತದ ಅಂದಿದ್ದೆ. ನೀವು ಮಿರ್ಚಿ ಅಂಗಡಿ ಇಟ್ಟಂಗ ಕೂತೀರಲ್ಲ ಬೀಗ್ರ.”

ಮಗಳು ಬಾಗಿಲ ಚೌಕಟ್ಟು ಹಿಡಿದು ಬಂದು ನಿಂತಳು. ನಾನು ತಲೆ ಎತ್ತಿ ನೋಡಿದೆ. ಹೊಟ್ಟೆ ಬಂದಿತ್ತು, ಮುಖ ಮಾತ್ರ ಒಣಗಿ ಕೊರಳ ಎಲುಬು ಕಾಣುತ್ತಿತ್ತು. ಅದನ್ನು ನೋಡಿ ಒಳಗೆ ಏನಾದರೂ ಆಗಬೇಕಿತ್ತು. ಆಗಲಿಲ್ಲ. ಬಿಲ್ಲೆಗಳನ್ನು ಒಂದರ ಅಂಚಿಗೆ ಒಂದು ಬರುವಂತೆ ತಟ್ಟೆಯಲ್ಲಿ ಜೋಡಿಸಿದೆ. ಉಪ್ಪು ಉದುರಿಸಿದೆ. ಅರಿವೆ ಬಿಚ್ಚಿ ಎಲೆ ತೊಳೆದು, ಇಟಲಿಯ ಮುದುಕಿ ಮಾಡಿದಂತೆಯೇ ಕೈಯಿಂದ ಹರಿದು ಹಾಕತೊಡಗಿದೆ. ವಾಸನೆ ಅಂಗಳಕ್ಕೆಲ್ಲ ಹರಡಿತು.

ಬೀಗತಿ ಬಾಗಿ ಒಂದು ಎಲೆ ಎತ್ತಿಕೊಂಡು ಮೂಸಿದರು.

“ಇದು ಸಬ್ಜಾ ಅಲ್ರೀ?”

ಹೌದು ಎಂದೆ. ಭಾಲ್ಕಿಯ ಸಂತೆಯಲ್ಲಿ ಇದು ಸಿಗುವುದಿಲ್ಲ, ಎಲ್ಲಿಂದ ತಂದಿರಿ ಎಂದು ಕೇಳಿದರು. ಎಕಂಬಾದಿಂದ ಎಂದೆ. ಹೊಲದಾಗ ಎಲ್ಲಿ ಎಂದರು. ಮಣ್ಣು ಕೊಡುವ ದಿನವೂ, ಆಮೇಲೂ ಅವರು ಆ ಹೊಲಕ್ಕೆ ಬಂದವರೇ. ಬಾವಿ ದಂಡೆಯಲ್ಲಿ ಎಂದು ಹೇಳಿ ಬಿಡಬಹುದಿತ್ತು, ಅದೂ ಸುಳ್ಳಾಗುತ್ತಿರಲಿಲ್ಲ. ನನಗೆ ಹಾಗೆ ನುಣುಚಿಕೊಂಡು ಅಭ್ಯಾಸವಿಲ್ಲ. ಇವಳವ್ವನ ಮಣ್ಣಿನ ಮ್ಯಾಲಿಂದು ಎಂದೆ.

ಅವರ ಕೈಯಿಂದ ಎಲೆ ಬಿತ್ತು.

“ತಲಿ ನೆಟ್ಟಗ ಅದ ಏನ್ರಿ ನಿಮ್ದು? ಬಸುರಿ ಹೆಂಗಸಿಗಿ ಗೋರಿ ಮ್ಯಾಲಿನ ಎಲಿ ತಿನಸ್ಲಿಕ್ಕ ತಂದೀರಿ?”

ನನಗೆ ಆ ಕಡೆ ವಿಚಾರವೇ ಹೋಗಿರಲಿಲ್ಲ ಎಂದು ಹೇಳಿದರೆ ಯಾರು ನಂಬುತ್ತಾರೆ. ಹೆಂಡತಿ ಇದ್ದಿದ್ದರೆ ಎಲೆಗೆ ಕೈ ಹಚ್ಚುವ ಮೊದಲೇ ಹೇಳುತ್ತಿದ್ದಳು. ಇಂಥ ವಿಷಯಗಳನ್ನೆಲ್ಲ ವಿಚಾರ ಮಾಡುವುದು ಅವಳ ಪಾಲಿನ ಕೆಲಸವಾಗಿತ್ತು, ನಾನು ಗೇಟು ಮಾಡುತ್ತಿದ್ದೆ.

ಬೀಗರು ಪೇಪರು ಕೆಳಗಿಳಿಸಿದರು. “ಶರಣರಲ್ಲಿ ಸೂತಕ ಇಲ್ಲ ಅಂತ ಮೊನ್ನಿ ಪ್ರವಚನದಾಗ ನೀನೇ ತಲಿ ತೂಗ್ಲತ್ತಿದ್ದಿ,” ಎಂದರು.

“ಪ್ರವಚನ ಕೇಳ್ಲಿಕ್ಕ ಛಲೋ ಅದ. ಬಸುರಿ ಇರಾಕಿ ನಮ್ಮ ಮನ್ಯಾಗ,” ಎಂದರು ಬೀಗತಿ. ಬೀಗರು ಪೇಪರು ಮತ್ತೆ ಮೇಲಕ್ಕೆತ್ತಿದರು.

ನಾನು ತಟ್ಟೆ ನೋಡುತ್ತ ಕುಳಿತೆ. ಟಮಾಟೆ ಅಂಚಿನಲ್ಲಿ ನೀರು ಬಿಡಲು ಸುರು ಮಾಡಿತ್ತು. ಎಣ್ಣೆ ಇನ್ನೂ ಹಾಕಿರಲಿಲ್ಲ. ಇದು ಬೇಡ ಎಂದು ಅವರು ಅಂದರೆ ನಾನು ತಟ್ಟೆ ಚೆಲ್ಲಿ, ಚೀಲ ಕಟ್ಟಿಕೊಂಡು ಹೋಗಬೇಕು. ಆಮೇಲೆ ಔರಾದಿನ ನಾದಿನಿ ಕರಿಗಡಬು ತರುತ್ತಾಳೆ, ಮಗಳು ಅದನ್ನೂ ತಿನ್ನುವುದಿಲ್ಲ. ಇಷ್ಟು ನನಗೆ ಸ್ಪಷ್ಟವಾಗಿ ಕಂಡಿತು.

ಅಷ್ಟರಲ್ಲಿ ಮಗಳು ಚೌಕಟ್ಟು ಬಿಟ್ಟು ಮೆಲ್ಲಗೆ ಬಂದು, ಕಟ್ಟೆಗೆ ಕೈಯೂರಿ, ತಟ್ಟೆಯ ಮುಂದೆ ಕುಳಿತಳು. ಅತ್ತೆಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

ತಟ್ಟೆಯ ಮುಂದೆ ಅವಳು ತಾನಾಗಿ ಬಂದು ಕೂತು ಎಷ್ಟು ದಿನವಾಗಿತ್ತೋ ಬೀಗತಿಗೇ ಗೊತ್ತು. ಅವರು ಸೊಂಟದ ಮೇಲಿನ ಕೈ ತೆಗೆದರು. ಸ್ವಲ್ಪ ಹೊತ್ತು ಅವಳ ತಲೆಯನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ದನಿ ಇಳಿಸಿದರು.

“ನಿಮ್ಮ ಲಿಂಗಕ್ಕ ತೋರ್ಸಿ ಕೊಡ್ರಿ. ಪ್ರಸಾದ ಆದಮ್ಯಾಲ ನಾ ಏನೂ ಅನ್ನಂಗಿಲ್ಲ.”

ನಮ್ಮಲ್ಲಿ ಲಿಂಗಕ್ಕೆ ಅರ್ಪಿಸಿದ ಯಾವುದೂ ಪ್ರಸಾದ. ಅದು ಎಲ್ಲಿಂದ ಬಂತು, ಯಾರು ತಂದರು ಎಂದು ಆಮೇಲೆ ಕೇಳುವಂತಿಲ್ಲ. ನನ್ನ ಕೊರಳಲ್ಲಿ ಕರಡಿಗೆ ಇತ್ತು, ಲಿಂಗ ಇಡುವ ಬೆಳ್ಳಿಯ ಡಬ್ಬಿ. ದಿನವೂ ಅಂಗಿಯ ಒಳಗೆ ತೂಗುತ್ತಿತ್ತು. ಹೆಂಡತಿಗೆ ಮಣ್ಣು ಕೊಟ್ಟ ಮೇಲೆ ಅದನ್ನು ತೆರೆದಿರಲಿಲ್ಲ. ಯಾರ ಮೇಲೂ ಮುನಿಸಿರಲಿಲ್ಲ, ತೆರೆಯುವುದು ನಿಂತುಹೋಗಿತ್ತು.

ಕೈ ತೊಳೆದು ಅದನ್ನು ಹೊರಗೆ ತೆಗೆದೆ. ಮುಚ್ಚಳ ಬರಲಿಲ್ಲ. ಬೆವರು, ಕಬ್ಬಿಣದ ಪುಡಿ ಸೇರಿ ಕಚ್ಚಿಕೊಂಡಿತ್ತು. ಜಗ್ಗಿದೆ, ತಿರುವಿದೆ. ಎಷ್ಟೋ ಬಾಗಿಲಿಗೆ ಬಿಜಾಗರಿ ಕೂಡಿಸಿದ ಕೈ ನನ್ನದು, ಬೀಗರ ಅಂಗಳದಲ್ಲಿ ಒಂದು ಸಣ್ಣ ಮುಚ್ಚಳ ತೆಗೆಯಲಾರದೆ ನಿಂತೆ. ಬೀಗತಿ ಮುಖ ಬೇರೆ ಕಡೆ ತಿರುಗಿಸಿದರು. ಅದು ಅವರ ದೊಡ್ಡತನ. ಕೊನೆಗೆ ಟಮಾಟೆಯ ಚೂರಿಯ ತುದಿಯನ್ನೇ ತೊಳೆದು, ಸಂದಿಗೆ ಹಾಕಿ ಎಬ್ಬಿಸಿದೆ. ಒಳಗೆ ವಿಭೂತಿ ಒಣಗಿ ಬಿರಿದಿತ್ತು. ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ತಟ್ಟೆಯನ್ನು ಅದಕ್ಕೆ ತೋರಿಸಿದೆ. ಕೈಗೆ ರೂಢಿ ಇತ್ತು, ಅದು ಮಾಡಿತು. ಮನಸ್ಸಿನಲ್ಲಿ ಏನೂ ಬರಲಿಲ್ಲ. ಬಂದಿದ್ದರೆ ಬರೆಯುತ್ತಿದ್ದೆ.

ಆಮೇಲೆ ಎಣ್ಣೆ ಸುರಿದು ತಟ್ಟೆಯನ್ನು ಮಗಳ ಮುಂದೆ ಸರಿಸಿದೆ.

ಅವಳು ಒಂದು ಬಿಲ್ಲೆ ಎತ್ತಿ, ಮೇಲಿದ್ದ ಎಲೆಯ ಸಮೇತ ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅಗಿದಳು. ಬೀಗತಿ ಬಚ್ಚಲ ಕಡೆಗೊಮ್ಮೆ, ಅವಳ ಕಡೆಗೊಮ್ಮೆ ನೋಡುತ್ತಿದ್ದರು, ಯಾವಾಗ ಎದ್ದು ಓಡುತ್ತಾಳೋ ಎಂದು. ಅವಳು ಏಳಲಿಲ್ಲ. ಎರಡನೆಯದು ತಿಂದಳು. ಉಪ್ಪು ಕಡಿಮೆಯಾಗಿದೆ ಎಂದು ಹೇಳಿದಳು. ಉಪ್ಪು ಹಾಕಿದೆ. ಇಟಲಿಯವರದ್ದು ಇಷ್ಟು ಹುಳಿ ಇರಲಿಕ್ಕಿಲ್ಲ ಅಪ್ಪಾ ಎಂದಳು. ಇರಲಿಕ್ಕಿಲ್ಲ ಎಂದೆ. ತಟ್ಟೆಯಲ್ಲಿದ್ದದ್ದನ್ನು ಅವಳು ಒಂದೊಂದಾಗಿ, ಅವಸರವಿಲ್ಲದೆ, ಎಲೆಯನ್ನೂ ಬಿಡದೆ ತಿಂದಳು. ಕೊನೆಗೆ ತಳದ ರಸಕ್ಕೆ ರೊಟ್ಟಿಯ ಚೂರು ಬೇಕೆಂದಳು. ಬೀಗತಿ ಒಳಗೆ ಓಡಿ, ಮುಂಜಾನೆಯ ಜೋಳದ ರೊಟ್ಟಿ ತಂದುಕೊಟ್ಟರು. ಬೀಗರ ಮನೆಯದೇನೂ ಸೇರಬಾರದು ಎಂಬ ನನ್ನ ಹಟ ಅಲ್ಲಿಗೆ ಮುರಿಯಿತು. ನಾನು ನೋಡಿಯೂ ನೋಡದವನಂತೆ ಚೂರಿ ಒರೆಸಿದೆ.

ಹೊಟ್ಟೆಯಲ್ಲಿ ನಿಂತಿತು. ಒಂದು ತಾಸು ಕಾದೆವು, ನಿಂತೇ ಇತ್ತು. ಬೀಗತಿ ನನ್ನನ್ನು ಊಟಕ್ಕೆ ಎಬ್ಬಿಸಿದರು. ನಾನು ಉಂಡೆ. ಸಬ್ಜಾದ ಮಾತು ಯಾರೂ ತೆಗೆಯಲಿಲ್ಲ.

ಹೊರಡುವಾಗ ಮಗಳು ಗಾಡಿಯ ತನಕ ಬಂದಳು. ಬಿಸಿಲಿಗೆ ಸೆರಗು ತಲೆಯ ಮೇಲೆ ಎಳೆದುಕೊಂಡಿದ್ದಳು. ನಾನು ಚೀಲ ಸಿಕ್ಕಿಸುವುದನ್ನು ನೋಡುತ್ತ ನಿಂತು, ಆಮೇಲೆ ಹೇಳಿದಳು.

“ಬರೋ ಐತಾರ ಮತ್ತ ಬಾ ಅಪ್ಪಾ. ಕಾಕಾನ ಟಮಾಟಿ ತಾ. ಎಲಿ ಬ್ಯಾಡ.”

“ಯಾಕವ್ವಾ, ಸೇರಲಿಲ್ಲೇನು?”

“ಸೇರ್ತು,” ಎಂದಳು. “ಅದು ಅಲ್ಲೇ ಇರ್ಲಿ.”

ಹೆದರಿಕೆಯಿಂದ ಅಂದಳೋ, ಅತ್ತೆಗಾಗಿ ಅಂದಳೋ, ಮತ್ತೇನಾದರೂ ಇತ್ತೋ, ನಾನು ಕೇಳಲಿಲ್ಲ. ಆಯ್ತು ಎಂದು ಗಾಡಿ ಚಾಲೂ ಮಾಡಿದೆ. ನಾನು ಕೇಳುವುದನ್ನು ಕಲಿತವನಲ್ಲ, ಅವಳು ಎರಡು ಸಲ ಹೇಳುವವಳಲ್ಲ. ಅದು ನನ್ನಿಂದಲೇ ಅವಳಿಗೆ ಬಂದದ್ದು.

ಮುಂದಿನ ಆದಿತ್ಯವಾರ ಹೋದೆ. ಸಬ್ಜಾದ ಬದಲು ಕೊತ್ತಂಬರಿ ಹರಿದು ಹಾಕಿದೆ, ಒಂದು ಉಳ್ಳಾಗಡ್ಡಿಯನ್ನೂ ತೆಳ್ಳಗೆ ಕೊಯ್ದೆ. ಈ ಸಲ ಉಪ್ಪು ಸರಿ ಬಿತ್ತು. ಬೀಗತಿ ಕರೆಯದೆಯೇ ರೊಟ್ಟಿ ತಂದು ಪಕ್ಕದಲ್ಲಿ ಕುಳಿತು, ತಾವೂ ಒಂದು ಬಿಲ್ಲೆ ಎತ್ತಿಕೊಂಡು, ಇದಕ್ಕೆ ಇಟಲಿ ಯಾಕ ಬೇಕು, ನಮ್ಮ ಹಸಿ ಪಚಡಿನೇ ಅಲ್ಲೇನ್ರಿ ಎಂದರು. ಇರಬಹುದು ಎಂದೆ. ಮಗಳು ತಟ್ಟೆ ಖಾಲಿ ಮಾಡಿದಳು.